ಡೇಕೇರ್‌ನಲ್ಲಿ ಮಗುವಿಗೆ ಪೆಟ್ಟಾಗಿದೆ, ಕೇಳಿದರೆ ‘ಏನಿಲ್ಲ ಬಿಡಿ’ ಅಂತಾರೆ: ಆಗ ಏನು ಮಾಡಬೇಕು?

ಸಂಜೆ ಕರೆತರಲು ಹೋದಾಗ ಮಗಳ ಕೂದಲನ್ನು ಯಾವತ್ತೂ ಇಲ್ಲದ ಹಾಗೆ ಹಣೆಯ ಮೇಲೆ ಇಳಿಬಿಟ್ಟು ಬಾಚಿದ್ದರು. ಚೆನ್ನಾಗಿದೆಯಲ್ಲ ಅಂದುಕೊಂಡೆ. ಮನೆಯಲ್ಲಿ ಮುಖ ತೊಳೆಸುವಾಗ ನೋಡಿದರೆ ಕೂದಲಿನ ಕೆಳಗೆ ದೊಡ್ಡ ಗೋಲಿಯಷ್ಟು ಬುಗುಟೆ. ಮಾರನೆಯ ದಿನ ಬೆಳಿಗ್ಗೆ ಗೇಟಿನ ಹತ್ತಿರವೇ ಆಯಾ ಮೇಲೆ ಕೂಗಾಡಿದೆ. ಪಾಪ, ಆಕೆ ಹಿಂದಿನ ದಿನ ರಜೆಯಲ್ಲಿದ್ದಳು. ಮಾಲೀಕರು ಬಂದು ನನ್ನ ಕೂಗಾಟಕ್ಕೆ ಉತ್ತರ ಕೊಟ್ಟರೇ ಹೊರತು ಬುಗುಟೆಗೆ ಕೊಡಲಿಲ್ಲ. ಹತ್ತು ದಿನ ಬಿಟ್ಟು ಸಿಸಿಟಿವಿ ತೋರಿಸಿ ಅಂದೆ. ಅಳಿಸಿಹೋಗಿತ್ತು.

ಆಮೇಲೆ ಪರಿಚಯದ ನಾಲ್ಕೈದು ಮನೆಗಳಲ್ಲಿ ಇದೇ ಕಥೆ ನೋಡಿದ್ದೇನೆ. ಎಲ್ಲರೂ ಜಗಳಕ್ಕೆ ನಿಲ್ಲುವುದು ‘ಮಗು ಹೇಗೆ ಬಿತ್ತು?’ ಅನ್ನುವುದರ ಮೇಲೆ. ಅದು ಗೆಲ್ಲುವ ಜಗಳ ಅಲ್ಲ. ಮಕ್ಕಳು ನಮ್ಮ ಕಣ್ಣೆದುರೇ ಬೀಳುತ್ತವೆ. ಹಿಡಿಯಬೇಕಾದ ಎಳೆ ಬೇರೆ: ಬಿದ್ದ ಮೇಲೆ ದೊಡ್ಡವರು ಏನು ಮಾಡಿದರು, ನಮಗೆ ಎಷ್ಟು ಹೊತ್ತಿಗೆ ಹೇಳಿದರು?

1. ಮೊದಲು ಡಾಕ್ಟರು

ತಲೆಗೆ ಪೆಟ್ಟು ಬಿದ್ದಿದ್ದರೆ ಈ ಲೇಖನ ಆಮೇಲೆ ಓದಿ. ಕ್ಷಣಕಾಲವಾದರೂ ಪ್ರಜ್ಞೆ ತಪ್ಪಿದ್ದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸ್, ನಡಿಗೆಯಲ್ಲಿ ತೂರಾಟ, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ ಕಾಣುವುದು, ಮೂಗು ಅಥವಾ ಕಿವಿಯಿಂದ ರಕ್ತ ಇಲ್ಲವೇ ನೀರಿನಂಥದ್ದು ಸೋರುವುದು: ಇದರಲ್ಲಿ ಒಂದಿದ್ದರೂ ತಡಮಾಡದೆ ಆಸ್ಪತ್ರೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಹಣೆಯ ಬುಗುಟೆಗಿಂತ ತಲೆಯ ಪಕ್ಕದಲ್ಲೋ ಹಿಂದೆಯೋ ಬರುವ ಮೆತ್ತಗಿನ ಊತಕ್ಕೆ ಹೆಚ್ಚು ಹೆದರಬೇಕು.

ಅಲ್ಲಿ ಡಾಕ್ಟರು ಮೊದಲು ಕೇಳುವುದೇ ಇದು: ಎಷ್ಟು ಹೊತ್ತಿಗೆ ಬಿತ್ತು, ಎಷ್ಟು ಎತ್ತರದಿಂದ, ಬಿದ್ದ ತಕ್ಷಣ ಅತ್ತಿತಾ? ಎಷ್ಟು ತಾಸು ಕಣ್ಣಿಟ್ಟಿರಬೇಕು ಅನ್ನುವುದನ್ನು ಅವರು ಲೆಕ್ಕ ಹಾಕುವುದು ಬಿದ್ದ ಹೊತ್ತಿನಿಂದ. ಆ ಹೊತ್ತು ಗೊತ್ತಿದ್ದವರು ಡೇಕೇರ್‌ನವರು, ಹೇಳಬೇಕಾದವರು ನೀವು. ‘ಸಣ್ಣ ಬುಗುಟೆಗೆ ಇಷ್ಟೊಂದಾ?’ ಅಂತ ಮುಂದೆ ಯಾರಾದರೂ ಅಂದರೆ ಇದನ್ನು ನೆನಪಿಸಿ.

ಒಂದರಿಂದ ನಾಲ್ಕು ವರ್ಷದ ಮಗು ಒಂದು ಕೈಯನ್ನು ಅಲ್ಲಾಡಿಸದೆ ಜೋತುಬಿಟ್ಟುಕೊಂಡಿದೆ, ಊತ ಮಾತ್ರ ಇಲ್ಲ ಅಂದರೆ ಮೊಣಕೈ ಮೂಳೆ ಜಾಗ ತಪ್ಪಿರಬಹುದು. ಕೈ ಹಿಡಿದು ಜಗ್ಗಿದಾಗ, ಎತ್ತಿದಾಗ ಹೀಗಾಗುತ್ತದೆ. ಡಾಕ್ಟರು ಕೆಲವು ಸೆಕೆಂಡಿನಲ್ಲಿ ಕೂರಿಸುತ್ತಾರೆ. ಯೂಟ್ಯೂಬ್ ನೋಡಿ ನೀವು ಕೂರಿಸಲು ಹೋಗಬೇಡಿ, ಮುರಿದ ಮೂಳೆಯೂ ಹಾಗೇ ಕಾಣಬಹುದು. ಇನ್ನೊಂದು ಮಗು ಕಚ್ಚಿ ಚರ್ಮ ಒಡೆದಿದ್ದರೆ ಸೋಪು ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ಸುಟ್ಟಿದ್ದರೆ 20 ನಿಮಿಷ ಹರಿಯುವ ನೀರು. ಐಸ್ ಬೇಡ, ಟೂತ್‌ಪೇಸ್ಟ್ ಬೇಡವೇ ಬೇಡ. ಊತ ಮಾಯ ಮಾಡುತ್ತೇವೆ ಅನ್ನುವ ಬಣ್ಣದ ಡಬ್ಬಿಯ ಕ್ರೀಮುಗಳಿಗೂ ದುಡ್ಡು ಸುರಿಯಬೇಡಿ. ಬುಗುಟೆಗೆ ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಒತ್ತು ಸಾಕು.

ಡಾಕ್ಟರ ಚೀಟಿಯಲ್ಲಿ ಗಾಯದ ಜಾಗ, ಅಳತೆ ಬರೆಸಿಕೊಳ್ಳಿ. ‘ಡೇಕೇರ್‌ನಲ್ಲಿ ಆಗಿದ್ದು ಅಂತ ಪೋಷಕರು ಹೇಳಿದರು’ ಅನ್ನುವ ಒಂದು ಸಾಲೂ ಇರಲಿ.

2. ಫೋಟೊ

ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಒಂದು ಹತ್ತಿರದಿಂದ, ಒಂದು ದೂರದಿಂದ. ಮಾರನೆಯ ದಿನ, ಅದರ ಮಾರನೆಯ ದಿನವೂ ತೆಗೆಯಿರಿ. ಕಂದಿದ ಗುರುತು ನಿಧಾನಕ್ಕೆ ಮೇಲೆ ಬರುತ್ತದೆ. ಆದರೆ ಬಣ್ಣ ನೋಡಿ ‘ಇದು ಎರಡು ದಿನದ ಹಳೆಯದು’ ಅಂತ ಯಾರೂ ಖಚಿತವಾಗಿ ಹೇಳಲಾಗದು. ಡೇಕೇರ್‌ನವರೂ ಹೇಳಲಾಗದು, ನೀವೂ ಹೇಳಲಾಗದು.

3. ಮಗುವನ್ನು ಕೇಳುವುದು

ಒಂದೇ ಸಲ. ‘ಇಲ್ಲಿ ಏನಾಯ್ತು ಪುಟ್ಟಾ?’ ಅನ್ನಿ, ಹೇಳಿದರೆ ‘ಆಮೇಲೆ?’ ಅನ್ನಿ. ಅಷ್ಟೇ. ‘ಟೀಚರ್ ತಳ್ಳಿದ್ರಾ?’ ಅಂತ ಕೇಳಿದರೆ ಮೂರು ವರ್ಷದ ಮಗು ಹೂಂ ಅನ್ನುತ್ತದೆ. ‘ಆನೆ ತಳ್ತಾ?’ ಅಂದರೂ ಹೂಂ ಅನ್ನಬಹುದು. ಅಜ್ಜಿ ಕೇಳಿ, ಅತ್ತೆ ಕೇಳಿ, ವಿಡಿಯೊ ಕಾಲ್‌ನಲ್ಲಿ ಚಿಕ್ಕಪ್ಪ ಕೇಳಿ, ರಾತ್ರಿ ಹೊತ್ತಿಗೆ ಮಗುವಿನ ಮಾತು ಯಾರ ಮಾತು ಅಂತಲೇ ಗೊತ್ತಾಗದ ಹಾಗೆ ಆಗಿರುತ್ತದೆ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಿ.

ಇಲ್ಲಿ ದಾರಿ ಎರಡಾಗುತ್ತದೆ. ದೊಡ್ಡವರು ಹೊಡೆದರು, ಚಿವುಟಿದರು ಅಂತ ಮಗು ತಾನಾಗೇ ಹೇಳಿದರೆ, ಅಥವಾ ಗಾಯ ಇರುವ ಜಾಗವೇ ಅನುಮಾನ ಹುಟ್ಟಿಸಿದರೆ ಮುಂದಿನ ಹೆಜ್ಜೆಗಳು ನಿಮಗಲ್ಲ. ನಡೆಯುವ ಮಗುವಿನ ಮೊಣಕಾಲು, ಹಣೆ ಕಂದುವುದು ಸಾಮಾನ್ಯ. ಕಿವಿ, ಕತ್ತು, ಹೊಟ್ಟೆ, ಬೆನ್ನು, ಕುಂಡೆ ಕಂದುವುದು ಸಾಮಾನ್ಯ ಅಲ್ಲ. ಇನ್ನೂ ಮಗುಚದ, ಅಂಬೆಗಾಲಿಡದ ಕೂಸಿನ ಮೈಮೇಲೆ ಎಲ್ಲಿ ಕಂದಿದ್ದರೂ ಡಾಕ್ಟರು ನೋಡಲೇಬೇಕು. ಇಂಥದ್ದರಲ್ಲಿ ಡೇಕೇರ್‌ಗೆ ಫೋನ್ ಮಾಡಿ ವಿಚಾರಿಸುತ್ತಾ ಕೂರಬೇಡಿ. ಡಾಕ್ಟರು, ಆಮೇಲೆ ನೇರವಾಗಿ ಪೊಲೀಸರು ಅಥವಾ ಮಕ್ಕಳ ಸಹಾಯವಾಣಿ.

4. ಮಾತುಕತೆ: ಎಲ್ಲರೂ ಎಡವುವುದು ಇಲ್ಲೇ

ಗೇಟಿನಲ್ಲಿ ಮಾತಾಡಬೇಡಿ. ಬಿಡುವ ಹೊತ್ತು, ಕರೆದೊಯ್ಯುವ ಹೊತ್ತು ಎರಡೂ ಬೇಡ. ಎದುರಿಗೆ ಇನ್ನೂ ಹತ್ತು ಜನ ಪೋಷಕರಿದ್ದಾಗ ಯಾವ ಮಾಲೀಕರೂ ನಿಜ ಹೇಳುವುದಿಲ್ಲ, ಮಾನ ಉಳಿಸಿಕೊಳ್ಳುತ್ತಾರೆ. ‘ಬುಗುಟೆ ವಿಷಯ ಮಾತಾಡಬೇಕು, ನಾಳೆ ಅರ್ಧ ಗಂಟೆ ಕೊಡಿ, ಆ ಹೊತ್ತಿನಲ್ಲಿ ಕೋಣೆಯಲ್ಲಿದ್ದ ಟೀಚರೂ ಇರಲಿ’ ಅಂತ ಒಂದು ಮೆಸೇಜ್ ಹಾಕಿ. ಇಬ್ಬರು ಹೋಗಿ. ಒಬ್ಬರು ಮಾತಾಡಲಿ, ಒಬ್ಬರು ಬರೆದುಕೊಳ್ಳಲಿ. ಸಿಟ್ಟು ಜಾಸ್ತಿ ಇರುವವರು ಬರೆದುಕೊಳ್ಳುವ ಕೆಲಸ ಮಾಡಲಿ. ನಮ್ಮ ಮನೆಯಲ್ಲಿ ಅದು ನಾನು.

ಕೇಳಬೇಕಾದ್ದು ಐದೇ. ಎಷ್ಟು ಹೊತ್ತಿಗೆ ಆಯಿತು? ಎಲ್ಲಿ, ಯಾರು ಕಣ್ಣಾರೆ ನೋಡಿದರು? ಆಗ ಆ ಕೋಣೆಯಲ್ಲಿ ಎಷ್ಟು ಮಕ್ಕಳು, ಎಷ್ಟು ದೊಡ್ಡವರು? ಪೆಟ್ಟಾದ ಮೇಲೆ ಏನು ಮಾಡಿದಿರಿ? ನಮಗೆ ಆಗಲೇ ಯಾಕೆ ಹೇಳಲಿಲ್ಲ?

ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಇರಿ. ಇದೇ ಕಷ್ಟ. ಉತ್ತರ ಬರಲು ಎರಡು ಕ್ಷಣ ತಡವಾದರೆ ನಾವೇ ಬಾಯಿ ಹಾಕುತ್ತೇವೆ: ‘ಜಾರಿ ಬಿದ್ದಿರಬೇಕು ಅಲ್ವಾ?’ ಅವರು ‘ಹಾಂ, ಜಾರಿ ಬಿದ್ದ’ ಅನ್ನುತ್ತಾರೆ. ಅಲ್ಲಿಗೆ ಕಥೆಯನ್ನು ನೀವೇ ಬರೆದುಕೊಟ್ಟ ಹಾಗಾಯಿತು.

ಬರುವ ಉತ್ತರಗಳೂ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ.

‘ಮಕ್ಕಳು ಅಂದ್ರೆ ಬೀಳೋದೇ ಅಲ್ವಾ ಮೇಡಂ?’ ಇದಕ್ಕೆ ವಾದ ಬೇಡ. ‘ಹೌದು, ಬೀಳ್ತಾವೆ. ಎಷ್ಟು ಹೊತ್ತಿಗೆ ಬಿತ್ತು?’ ಅನ್ನಿ.

‘ನಿಮಗೆ ಗಾಬರಿ ಆಗಬಾರದು ಅಂತ ಹೇಳಲಿಲ್ಲ.’ ಇದು ಕೇಳಲು ಮೆತ್ತಗಿದೆ, ಒಳಗೆ ಮುಳ್ಳಿದೆ. ಪೆಟ್ಟಾಗಿದ್ದು ಗೊತ್ತಿತ್ತು, ಹೇಳಬಾರದು ಅಂತ ಯಾರೋ ತೀರ್ಮಾನಿಸಿದರು ಎಂದು ಅವರೇ ಒಪ್ಪಿಕೊಂಡಂತೆ. ಯಾರು ತೀರ್ಮಾನಿಸಿದರು ಅಂತ ಕೇಳಿ, ಬರೆದುಕೊಳ್ಳಿ.

‘ಮನೆಯಲ್ಲೇ ಆಗಿರಬಹುದು.’ ರಕ್ತ ಕುದಿಯುತ್ತದೆ, ಗೊತ್ತು. ಆದರೂ ‘ಹಾಗಿದ್ದರೆ ಬೆಳಿಗ್ಗೆ ಬಿಟ್ಟಾಗ ನಿಮ್ಮ ರಿಜಿಸ್ಟರ್‌ನಲ್ಲಿ ಬರೆದಿರಬೇಕಲ್ಲ, ತೋರಿಸಿ’ ಅನ್ನಿ. ಬರುವ ಮಗುವಿನ ಮೈಮೇಲೆ ಮೊದಲೇ ಗಾಯವಿದ್ದರೆ ಒಳ್ಳೆಯ ಡೇಕೇರ್‌ನವರು ಬಾಗಿಲಲ್ಲೇ ಗುರುತು ಹಾಕಿಕೊಳ್ಳುತ್ತಾರೆ.

‘ಆ ಆಯಾನ ತೆಗೆದು ಹಾಕಿದ್ದೀವಿ.’ ಇದನ್ನು ಕೇಳಿ ಬಹಳ ಜನ ಸಮಾಧಾನವಾಗಿ ಮನೆಗೆ ಬರುತ್ತಾರೆ. ನನಗಂತೂ ಇದರಷ್ಟು ಕೆಟ್ಟ ಉತ್ತರ ಇನ್ನೊಂದಿಲ್ಲ. ಹನ್ನೆರಡು ಮಕ್ಕಳನ್ನು ಒಬ್ಬಳ ಕೈಗೆ ಕೊಟ್ಟವರು ಯಾರು? ನಾಳೆ ಬರುವ ಹೊಸ ಆಯಾ ಕೈಗೂ ಹನ್ನೆರಡೇ ಮಕ್ಕಳು ತಾನೇ? ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಒಪ್ಪಿದ ಲೆಕ್ಕದಲ್ಲಿ ಒಂದು ವರ್ಷದೊಳಗಿನ 3 ಕೂಸುಗಳಿಗೆ ಒಬ್ಬರು, ಮೂರು ವರ್ಷದೊಳಗಿನ 4 ಮಕ್ಕಳಿಗೆ ಒಬ್ಬರು ಇರಬೇಕು. ಎಲ್ಲ ಕಡೆ ಅಷ್ಟು ಸಿಗಲಿಕ್ಕಿಲ್ಲ. ಆದರೆ ಎಷ್ಟಿದೆ ಅನ್ನುವ ಉತ್ತರ ಸಿಗಬೇಕು.

ಕಚ್ಚಿದ ಮಗು ಯಾವುದು ಅಂತ ಮಾತ್ರ ಕೇಳಬೇಡಿ. ಅವರು ಹೇಳಬಾರದು. ಹೇಳಿದರೆ ನಾಳೆ ನಿಮ್ಮ ಮಗುವಿನ ವಿಷಯವನ್ನೂ ಊರಿಗೆಲ್ಲ ಹೇಳುವವರು ಅಂತ ತಿಳಿಯಿರಿ.

ಒಂದು ಕಾಗದ ಮುಂದಿಟ್ಟು ‘ಇಲ್ಲೊಂದು ಸೈನ್ ಹಾಕಿ’ ಅಂದರೆ ಪೂರ್ತಿ ಓದಿ. ‘ಪೋಷಕರಿಗೆ ಕೂಡಲೇ ತಿಳಿಸಲಾಯಿತು’ ಎಂದು ಮೊದಲೇ ಅಚ್ಚಾಗಿರುವ ಫಾರಂ ನಾನೇ ನೋಡಿದ್ದೇನೆ. ಸೈನ್ ಪಕ್ಕದಲ್ಲಿ ‘ನನಗೆ ತಿಳಿದದ್ದು ಸಂಜೆ 5:50ಕ್ಕೆ’ ಅಂತ ನಿಮ್ಮ ಕೈಯಾರೆ ಬರೆದು, ಅದರ ಫೋಟೊ ತೆಗೆದುಕೊಳ್ಳಿ. ಈ ತಿಂಗಳ ಫೀಸ್ ಬೇಡ, ದೂರು ಇಲ್ಲ ಅಂತ ಬರೆದುಕೊಡಿ ಅಂದರೆ ಎದ್ದು ಬನ್ನಿ.

5. ಸಿಸಿಟಿವಿ: ಅದೇ ದಿನ

ಕ್ಯಾಮೆರಾದ ಪೆಟ್ಟಿಗೆ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಕೆಲವು ಕಡೆ ವಾರಕ್ಕೇ ಅಳಿಸಿಹೋಗುತ್ತದೆ. ಹಾಗಾಗಿ ಮಾತುಕತೆಗೂ ಮೊದಲೇ ಒಂದು ಮೆಸೇಜ್ ಹೋಗಿರಲಿ. ‘ಫೂಟೇಜ್ ಕೊಡಿ’ ಅನ್ನಬೇಡಿ. ಬೇರೆ ಮಕ್ಕಳಿದ್ದಾರೆ, ಕೊಡಲಾಗದು ಅನ್ನುತ್ತಾರೆ, ಆ ಮಾತು ಸರಿಯೂ ಹೌದು. ‘ಮಧ್ಯಾಹ್ನ 2:30ರಿಂದ ನಾವು ಬರುವವರೆಗಿನದನ್ನು ಅಳಿಸದೆ ಕಾಪಿ ತೆಗೆದಿಡಿ, ನಿಮ್ಮ ಆಫೀಸಿನಲ್ಲೇ ಕೂತು ನೋಡುತ್ತೇವೆ’ ಅನ್ನಿ. ಬಿದ್ದ ಐದು ಸೆಕೆಂಡಿನ ತುಣುಕು ತೋರಿಸಿ ಮುಗಿಸುವವರಿದ್ದಾರೆ. ನಿಮಗೆ ಬೇಕಾದ್ದು ಆಮೇಲಿನ ಅರ್ಧ ಗಂಟೆ. ಕ್ಯಾಮೆರಾದ ಗಡಿಯಾರ ಹಿಂದೆ ಮುಂದೆ ಇರುವುದು ಮಾಮೂಲಿ, ಅದನ್ನೂ ನಿಮ್ಮ ಗಡಿಯಾರದ ಜೊತೆ ಹೋಲಿಸಿಕೊಳ್ಳಿ.

ಇನ್ನು ಡೇಕೇರ್ ಆ್ಯಪ್‌ಗಳು. ಮಗಳ ಹಣೆ ಊದಿದ್ದ ಆ ಮಧ್ಯಾಹ್ನ ನಮ್ಮ ಆ್ಯಪ್‌ನಲ್ಲಿ ಬಂದಿದ್ದು ನಗುವ ಮುಖ ಮತ್ತು ‘ಇವತ್ತು ಖುಷಿಯಾಗಿದ್ದಳು’. ಸ್ಕ್ರೀನ್‌ಶಾಟ್ ತೆಗೆದಿಡಿ, ಅಲ್ಲಿನ ಮೆಸೇಜ್ ತಿದ್ದಬಹುದು, ಅಳಿಸಬಹುದು.

6. ಪತ್ರ

ಮಾತುಕತೆ ಮುಗಿದ ಮಾರನೆಯ ದಿನ ಇಮೇಲ್ ಕಳಿಸಿ. ರಾತ್ರಿ ಬರೆದರೆ ಬೆಳಿಗ್ಗೆ ಓದಿ ಕಳಿಸಿ. ‘ಬೇಜವಾಬ್ದಾರಿ’, ‘ಅಮಾನವೀಯ’, ‘ಕೋರ್ಟಿಗೆ ಎಳೆಯುತ್ತೇವೆ’ ಎಲ್ಲ ತೆಗೆದುಹಾಕಿ. ಗಂಟೆ ನಿಮಿಷ ಬರೆದರೆ ಅದೇ ಬೈದ ಹಾಗಿರುತ್ತದೆ. ಹೀಗೆ:

‘ಮಂಗಳವಾರ ಮಧ್ಯಾಹ್ನ 3:10ಕ್ಕೆ ನಮ್ಮ ಮಗು ಆಟದ ಕೋಣೆಯಲ್ಲಿ ಬಿದ್ದು ಹಣೆಗೆ ಪೆಟ್ಟಾಯಿತು ಎಂದು ಬುಧವಾರ ನೀವು ತಿಳಿಸಿದಿರಿ. ನಮಗೆ ಯಾವ ಕರೆಯೂ ಬರಲಿಲ್ಲ. 5:50ಕ್ಕೆ ಕರೆದೊಯ್ಯುವಾಗಲೂ ಹೇಳಲಿಲ್ಲ. ಮನೆಯಲ್ಲಿ 6:30ಕ್ಕೆ ನಾವೇ ನೋಡಿದೆವು. ಆ ಹೊತ್ತಿನಲ್ಲಿ 12 ಮಕ್ಕಳ ಜೊತೆ ಒಬ್ಬರೇ ಇದ್ದರು ಎಂದಿರಿ. ಘಟನೆಯ ಲಿಖಿತ ವರದಿ ಕೊಡಿ. ತಲೆಗೆ ಪೆಟ್ಟಾದರೆ ಎಷ್ಟು ನಿಮಿಷದೊಳಗೆ ಪೋಷಕರಿಗೆ ಕರೆ ಮಾಡುತ್ತೀರಿ, ಇನ್ನು ಮುಂದೆ ಏನು ಬದಲಾಗುತ್ತದೆ ಎಂಬುದನ್ನು ಶುಕ್ರವಾರದೊಳಗೆ ಬರೆದು ತಿಳಿಸಿ.’

ಇಷ್ಟೇ. ಡಾಕ್ಟರ ಚೀಟಿಯ ಕಾಪಿ ಲಗತ್ತಿಸಿ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಡೇಕೇರ್ ದೊಡ್ಡ ಸಂಸ್ಥೆಯ ಶಾಖೆಯಾಗಿದ್ದರೆ ಮುಖ್ಯ ಕಚೇರಿಗೂ ಒಂದು ಪ್ರತಿ ಹೋಗಲಿ. ಶುಕ್ರವಾರ ದಾಟಿದರೆ ಇದೇ ಕಾಗದಗಳನ್ನು ಲೈಸೆನ್ಸ್ ಕೊಟ್ಟ ಕಚೇರಿಗೆ ಕಳಿಸಿ.

ಪೋಷಕರ ವಾಟ್ಸ್ಆ್ಯಪ್ ಗ್ರೂಪಿಗೆ ಫೋಟೊ ಹಾಕುವ ಆಸೆ ಬರುತ್ತದೆ, ತಡೆದುಕೊಳ್ಳಿ. ಹತ್ತು ನಿಮಿಷದಲ್ಲಿ ಎರಡು ಪಕ್ಷ ಆಗುತ್ತದೆ. ನಿಮ್ಮ ಮಗುವಿನ ಹಣೆ ಊರಿಗೆಲ್ಲ ಫಾರ್ವರ್ಡ್ ಆಗುತ್ತದೆ. ಬೇರೆಯವರಿಗೂ ಹೀಗಾಗಿದೆಯಾ ತಿಳಿಯಬೇಕಿದ್ದರೆ ಒಬ್ಬೊಬ್ಬರಿಗೇ ಫೋನ್ ಮಾಡಿ.

7. ಇರುವುದಾ, ಬಿಡುವುದಾ?

ಪೆಟ್ಟು ಎಷ್ಟು ದೊಡ್ಡದು ಅನ್ನುವುದರ ಮೇಲೆ ಇದನ್ನು ತೀರ್ಮಾನಿಸಬೇಡಿ. ತುಟಿ ಒಡೆದು ಹೊಲಿಗೆ ಬಿದ್ದ ಮಗುವನ್ನು ಅಲ್ಲಿಯೇ ಮುಂದುವರಿಸಿದ ಗೆಳತಿ ಇದ್ದಾಳೆ. ಬಿದ್ದ ಐದು ನಿಮಿಷಕ್ಕೆ ಅವಳಿಗೆ ಫೋನ್ ಹೋಗಿತ್ತು, ಅವಳು ಬರುವವರೆಗೆ ಟೀಚರ್ ಮಗುವನ್ನು ತೊಡೆಯಿಂದ ಇಳಿಸಿರಲಿಲ್ಲ. ನಾವು ಬರೀ ಒಂದು ಬುಗುಟೆಗೆ ಬಿಟ್ಟೆವು.

ಬಿಡುವುದಾದರೆ ಮೊದಲು ಬೇರೆ ಜಾಗ ನೋಡಿ, ಆಮೇಲೆ ನೋಟಿಸ್ ಕೊಡಿ. ಹೊಸ ಜಾಗದಲ್ಲಿ ಗೋಡೆಯ ಕಾರ್ಟೂನ್, ಆಟದ ಸಾಮಾನು ಹೊಗಳುತ್ತಾ ನಿಲ್ಲಬೇಡಿ. ‘ನಿಮ್ಮ ಗಾಯದ ರಿಜಿಸ್ಟರ್ ತೋರಿಸ್ತೀರಾ? ಹೆಸರು ಮುಚ್ಚಿ ತೋರಿಸಿದರೂ ಸಾಕು’ ಅನ್ನಿ. ‘ನಮ್ಮಲ್ಲಿ ಯಾರಿಗೂ ಏನೂ ಆಗಿಲ್ಲ’ ಅಂದರೆ ಮುಂದಿನ ಡೇಕೇರ್ ನೋಡಿ. ಒಬ್ಬರು ಮಾಲೀಕರು ಪುಟ ತಿರುವಿ ತೋರಿಸಿದರು: ಮೊಣಕಾಲು ತರಚಿದ್ದು, ಬೆರಳು ಬಾಗಿಲಿಗೆ ಸಿಕ್ಕಿದ್ದು, ಕಚ್ಚಿದ್ದು ಎರಡು ಸಲ, ಪ್ರತಿ ಸಾಲಿನ ಕೊನೆಗೆ ಪೋಷಕರಿಗೆ ಫೋನ್ ಮಾಡಿದ ಹೊತ್ತು. ಮಗಳನ್ನು ಅಲ್ಲಿಗೇ ಸೇರಿಸಿದೆವು.