ಹಳೇ ಎಸ್ಟೇಟ್ ಗಾಡಿಗಳ ಮೀಟ್ ಮಾಡೂದು ಹೆಂಗ? ಮೊದ್ಲ ಹಿಂದಿನ ಬಾಗ್ಲಾ ನೋಡ್ರಿ

ಹಳೇ ಕಾರಿನ ಮೀಟ್, ಅಂದ್ರ ಗಾಡಿ ಇಟ್ಟವರ ಕೂಟ ಅಂದಕೂಡ್ಲೇ ಮಂದಿ ಮಾಡೂದು ಒಂದ, ಬಾನೆಟ್ ತಿಕ್ಕಿ ಪಾಲಿಶ್ ಹೊಡದು ಗ್ರಿಲ್ ಮುಂದ ಮಾಡಿ ಸಾಲಾಗಿ ನಿಲ್ಲಸೂದು. ಡಿಕ್ಕಿ ಬ್ಯಾರೆ ಇರೂ ಸೆಡಾನಿಗೆ ಅದು ಸರಿ, ಚಾವಣಿ ಹಿಂದಿನ ತನಕ ಹೋಗೂ ಸ್ಟೇಷನ್ ವ್ಯಾಗನ್ನಿಗೆ, ಅಂದ್ರ ಎಸ್ಟೇಟಿಗೆ ಅಲ್ಲ. ಅಂಬಾಸಡರ್ ಎಸ್ಟೇಟ್ ಮುಂದಿನಿಂದ ನೋಡಿದ್ರ ಬರೇ ಅಂಬಾಸಡರ್, ಅದರ ವಿಶೇಷ ಎಲ್ಲಾ ಇರೂದು ಹಿಂದಿನ ಸೀಟ್ ದಾಟಿದ ಮ್ಯಾಲೆ. ಆದ್ರ ಮೀಟಿಗೆ ಬಂದ ಗಾಡಿ ನೋಡಿದ್ರ ಅದ ಭಾಗ ಹಾಳ ಬಿದ್ದಿರತೈತಿ, ಬಾಗ್ಲಾ ಎತ್ತಿ ಕಟಗಿ ಆಸರ ಕೊಟ್ಟು ನಿಲ್ಲಿಸಿರ್ತಾರ, ಕೆಳಗಿನ ಅಂಚು ಜಂಗ ತಿಂದಿರತೈತಿ. ಅದಕ್ಕ ಹುಬ್ಬಳ್ಳಿ-ಧಾರವಾಡ ಕಡೆ ಇಂಥಾ ಮೀಟ್ ಮಾಡಬೇಕು ಅನ್ನವ್ರಿಗೆ ಇದನ್ನ ಬರದೀನಿ.

ಮೊದ್ಲನೇದು, ಯಾವ ಗಾಡಿ ಕರೀಬೇಕು. ಕಾರಿನ ಮೈ ಇರಬೇಕು, ಚಾವಣಿ ಹಿಂದಿನ ತುದಿ ತನಕ ನೆಟ್ಟಗ ಹೋಗಬೇಕು, ಹಿಂದ ಒಂದು ಬಾಗ್ಲಾ ಇರಬೇಕು. ಅಂಬಾಸಡರ್ ಎಸ್ಟೇಟ್, ಹಳೇ ಫಿಯಾಟ್ 1100 ವ್ಯಾಗನ್, 1992ರ ಟಾಟಾ ಎಸ್ಟೇಟ್, ಬೆಂಗಳೂರಿನ ಸಿಪಾನಿಯವರು ತಂದ ರೋವರ್ ಮಾಂಟೆಗೋ, ಮಾರುತಿ ಬಲೆನೋ ಆಲ್ಟುರಾ, ಓಪೆಲ್ ಕೊರ್ಸಾ ಸ್ವಿಂಗ್, ಆಕ್ಟೇವಿಯಾ ಕಾಂಬಿ, ಇಂಡಿಗೋ ಮರೀನಾ. ಟಾಟಾ ಎಸ್ಟೇಟ್ ಟಾಟಾಮೊಬೈಲ್ ಪಿಕಪ್ ಮ್ಯಾಲೆ ಕಟ್ಟಿದ್ದು, ಆದ್ರೂ ಅದು ಬರಬೇಕು, ಅದಿಲ್ಲದ ನಮ್ಮ ದೇಶದ ಎಸ್ಟೇಟ್ ಮೀಟ್ ಅಂತ ಕರೀಲಿಕ್ಕೇ ಬರಂಗಿಲ್ಲ. ಸುಮೋ, ಕ್ವಾಲಿಸ್ ಮಾತ್ರ ಬ್ಯಾಡ. ಮಂದಿ-ಸಾಮಾನು ಹೊರೂ ಕೆಲಸ ಅವು ಹಿಡಕೊಂಡ ಮ್ಯಾಲೇ ಎಸ್ಟೇಟ್ ಕೇಳವ್ರು ಕಡಿಮಿ ಆದ್ರು, ಅವಕ್ಕ ಬೇರೆ ದಿನಾ ಇಡ್ರಿ.

ಕಾಗದಪತ್ರ: ಆರ್‌ಸಿ, ಇನ್ಶೂರೆನ್ಸ್, ಪಿಯುಸಿ (ಹೊಗಿ ತಪಾಸಣಿ ಸರ್ಟಿಫಿಕೇಟ್). 15 ವರ್ಷ ದಾಟಿದ ಗಾಡಿ ಆರ್‌ಸಿ ಐದೈದು ವರ್ಷಕ್ಕ ರಿನ್ಯೂ ಆಗಿರಬೇಕು. 50 ವರ್ಷ ದಾಟಿದ್ದಿದ್ರ 2021ರ ನಿಯಮದಾಗ ವಿಂಟೇಜ್ ಅಂತ ನೋಂದಣಿ ಮಾಡಸಬಹುದು, ನಂಬರಿನ್ಯಾಗ ‘ವಿಎ’ ಬರತೈತಿ, ಆದ್ರ ಆಮ್ಯಾಲ ದಿನಾ ಓಡಸಲಿಕ್ಕೆ ಬರಂಗಿಲ್ಲ, ಪ್ರದರ್ಶನ, ರ‍್ಯಾಲಿ ಇಂಥಾದ್ದಕ್ಕಷ್ಟ. ಆಗಾಗ ಊರಾಗ ಓಡಸವ್ರು ಯೋಚನೆ ಮಾಡಿ ಕೈ ಹಾಕ್ರಿ.

ಜಾಗ: ನವೆಂಬರಿನಿಂದ ಫೆಬ್ರವರಿ ಒಳಗ ಇಟ್ಕೊಳ್ರಿ, ಗರಸು ಹಾಕಿದ ಮೈದಾನ ನೋಡ್ರಿ. ನವಲಗುಂದ, ಅಣ್ಣಿಗೇರಿ, ಗದಗ ಕಡೆ ಎರಿ ನೆಲ ಒಂದು ಮಳಿ ಬಿದ್ರ ಗಾಲಿ ಹಿಡಕೊಂಡ ಬಿಡತೈತಿ. ಮೈದಾನದವರ ಒಪ್ಪಿಗಿ ಬರವಣಿಗಿಯೊಳಗ ತಗೊಳ್ರಿ, ಟ್ರಾಫಿಕ್ ಪೊಲೀಸ್ರಿಗೂ ಒಂದು ಪತ್ರ ಕೊಡ್ರಿ.

ಈಗ ಹಿಂದಿನ ಬಾಗ್ಲಾ. ಇದಕ್ಕ ಮೀಟಿನ ಮೊದ್ಲ ಹದಿನೈದು ದಿನಾ ಬೇಕ ಬೇಕು, ಹಿಂದಿನ ದಿನಾ ಸಂಜಿಕೆ ಗ್ಯಾರೇಜಿಗೆ ಒಯ್ದ್ರ ಆಗೂ ಕೆಲಸಲ್ಲ.

ಮೊದ್ಲ ಡಿಕ್ಕಿ ಶಾಕರ್, ಅಂದ್ರ ಬಾಗ್ಲಾ ಎತ್ತಿ ಹಿಡಿಯೂ ಗ್ಯಾಸ್ ತುಂಬಿದ ಕೊಳವಿ ಪರೀಕ್ಷಾ ಮಾಡ್ರಿ, ಅದೂ ನಸುಕಿನ್ಯಾಗ. ಎಲ್ಲಾರೂ ತಪ್ಪೂದು ಇಲ್ಲೇ, ಮಧ್ಯಾಹ್ನ ಬಿಸಲಾಗ ನೋಡ್ತಾರ, ಬಾಗ್ಲಾ ನಿಂತಗೊಂತೈತಿ, ಚೊಲೋ ಐತಿ ಅಂತ ಬಿಡ್ತಾರ. ಒಳಗಿನ ಗ್ಯಾಸ್ ಥಂಡಿಯೊಳಗ ಒತ್ತಡ ಕಳಕೊಂತೈತಿ, ಡಿಸೆಂಬರ್ ಮುಂಜಾನೆ ಧಾರವಾಡದ ಥಂಡಿಗೆ ಅದ ಬಾಗ್ಲಾ ಸಾವಕಾಶ ಇಳದು ಕೆಳಗ ನಿಂತವರ ತಲಿಗೆ ಬಡೀತೈತಿ. ರಾಡಿನ ಮ್ಯಾಲೆ ಎಣ್ಣಿ ಪಸಿ ಕಂಡ್ರ ಶಾಕರ್ ಮುಗೀತು ಅಂತ ತಿಳ್ಕೊಳ್ರಿ. ಹೊಸಾದು ತರೂಮುಂದ ಹಳೇದರ ಮೈಮ್ಯಾಲೆ ಒತ್ತಿದ ನಂಬರ್ ನೋಡ್ರಿ, ಅಂಕಿ ಮುಂದ ‘ಎನ್’ ಇರತೈತಿ, ಅದು ಎಷ್ಟು ನ್ಯೂಟನ್ ಜೋರು ಅನ್ನೂದು. ಉದ್ದ, ಜೋರು ಎರಡೂ ಕೂಡಬೇಕು. ‘ಎಲ್ಲಾ ಗಾಡಿಗೂ ಹೊಂದತೈತಿ’ ಅಂತ ಆನ್‌ಲೈನ್ ಮಾರೂ ಅಗ್ಗದ ಜೋಡಿ ತಗೋಬ್ಯಾಡ್ರಿ, ಜೋರು ಹೆಚ್ಚಾತಂದ್ರ ಬಿಜಾಗರಿ ಹತ್ರ ತಗಡು ಸೊಟ್ಟ ಆಗತೈತಿ. ಒಂದ ಬದಲಿ ಮಾಡಬ್ಯಾಡ್ರಿ, ಎರಡೂ ಕೂಡೇ ಮಾಡ್ರಿ. ಬಿಚ್ಚೂಮುಂದ ಬಾಗ್ಲಕ್ಕ ಕಟಗಿ ಆಸರ ಕೊಟ್ಟು ಇನ್ನೊಬ್ರನ್ನ ಹಿಡೀಲಿಕ್ಕೆ ನಿಲ್ಲಸ್ರಿ, ಕೂಡಸೂಮುಂದ ಬಾಗ್ಲಾ ಹಾಕಿದಾಗ ರಾಡ್ ಕೆಳಮುಖ ಇರೂಹಂಗ ಕೂಡಸ್ರಿ, ಒಳಗಿನ ಎಣ್ಣಿ ಸೀಲ್ ಮ್ಯಾಲೆ ನಿಂತು ಬಾಳಿಕಿ ಬರತೈತಿ. ಹಳೇ ಶಾಕರಿನ್ಯಾಗ ಒತ್ತಡದ ಗ್ಯಾಸ್ ಇರತೈತಿ, ಕೊರೀಬ್ಯಾಡ್ರಿ, ಬೆಂಕ್ಯಾಗ ಒಗೀಬ್ಯಾಡ್ರಿ.

ಆಮ್ಯಾಲ ಬೀಡಿಂಗ್, ಅಂದ್ರ ಬಾಗ್ಲದ ಸುತ್ತಿನ ಸಂದು ಮುಚ್ಚೂ ರಬ್ಬರ್. ಹಳೇ ಪೇಪರಿನ ಪಟ್ಟಿ ಹರಕೊಂಡು ಗೇಣಿಗೊಂದರಂಗ ಬಾಗ್ಲದ ಸುತ್ತ ಇಟ್ಟು ಬಾಗ್ಲಾ ಹಾಕ್ರಿ, ಒಂದೊಂದ ಪಟ್ಟಿ ಎಳೀರಿ. ಬಿಗಿಯಾಗಿ ಬಂದ್ರ ಸರಿ, ಸರಕ್ಕಂತ ಬಂದ ಜಾಗದಾಗ ಚಾಕ್‌ಪೀಸಿಂದ ಗುರ್ತು ಮಾಡ್ರಿ. ತಕ್ಷಣ ದಪ್ಪನ ಬೀಡಿಂಗ್ ತರಬ್ಯಾಡ್ರಿ, ಮೊದ್ಲ ಲಾಕ್ ಬೀಳೂ ಕೊಂಡಿಯ ಬೋಲ್ಟ್ ಸಡ್ಲ ಮಾಡಿ ಎಳೆಯಷ್ಟು ಒಳಗ ಸರಸಿ ಮತ್ತ ಪಟ್ಟಿ ಇಟ್ಟು ನೋಡ್ರಿ, ಭಾಳ ಗಾಡಿ ಇಷ್ಟಕ್ಕ ಸರಿ ಆಗ್ತಾವ. ಬೀಡಿಂಗ್ ಬದಲಿ ಮಾಡೂದ ಇದ್ರ ಕೂಡಿಕೆ ಕೆಳಗ ನಡುವ ಬರಬೇಕು, ಮ್ಯಾಲೆ ಇಟ್ರ ನೀರು ಒಳಗ ಇಳೀತೈತಿ. ಸಿಲಿಕಾನ್ ಟ್ಯೂಬ್ ಸುರದು ಸಂದು ಮುಚ್ಚೂದು ಗ್ಯಾರೇಜಿನವರ ಶಾರ್ಟ್‌ಕಟ್, ಅದಕ್ಕ ಒಪ್ಪಬ್ಯಾಡ್ರಿ, ಮುಂದ ಕಿತ್ತೂಮುಂದ ಬಣ್ಣಾನೂ ಕಿತ್ಕೊಂಡ ಬರತೈತಿ. ಟಾಯರಿಗೆ ಹೊಡಿಯೂ ಎಣ್ಣಿ ಹೊಳಪಿನ ಸ್ಪ್ರೇನೂ ಬೀಡಿಂಗಿಗೆ ಹೊಡೀಬ್ಯಾಡ್ರಿ, ರಬ್ಬರ್ ಉಬ್ಬತೈತಿ.

ಈ ಬೀಡಿಂಗ್ ಬರೇ ಮಳಿ ನೀರಿಗಲ್ಲ. ಎಸ್ಟೇಟಿನ ಬೆನ್ನು ನೆಟ್ಟಗ ಇರೂದ್ರಿಂದ ಗಾಡಿ ಓಡೂಮುಂದ ಅದರ ಹಿಂದ ಗಾಳಿ ಒತ್ತಡ ಕಡಿಮಿ ಆಗಿ ಧೂಳು, ಸೈಲೆನ್ಸರ್ ಹೊಗಿ ಎರಡೂ ಗಾಜಿನ ಕಡೆ ಎಳ್ಕೊಂಡ ಬರ್ತಾವ. ಸಂದು ಸಿಕ್ರ ಒಳಗ. ಹೊಗಿಯೊಳಗಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ತಲಿ ನೋವು ಶುರುವಾದ ಮ್ಯಾಲೇ ಗೊತ್ತಾಗೂದು. ವಿಡಿಯೋ ತಗೀಬೇಕಂತ ಡಿಕ್ಕಿ ಬಾಗ್ಲಾ ತಗದು ಹುಡುಗ್ರನ್ನ ಹಿಂದ ಕೂಡಿಸಿ ಓಡಸ್ತಾರಲ್ಲ, ಅಂಥಾವ್ರನ್ನ ಮೀಟಿಗೆ ಸೇರಿಸಬ್ಯಾಡ್ರಿ, ಗೆಳ್ಯಾ ಇದ್ರೂ ಸೈತ.

ಬಾಗ್ಲದ ಕೆಳಗಿನ ಅಂಚಿಗೆ ನೀರು ಹೋಗಲಿಕ್ಕೆ ಸಣ್ಣ ತೂತು ಇರ್ತಾವ, ಬಣ್ಣ ಹೊಡಿಯವ್ರು ಪುಟ್ಟಿ ಹಚ್ಚಿ ಮುಚ್ಚಿಬಿಡ್ತಾರ, ನೀರು ಒಳಗ ನಿಂತು ಒಳಗಿಂದ ಜಂಗ ಹಿಡೀತೈತಿ. ಸೈಕಲ್ ಕಡ್ಡಿ ತಗೊಂಡು ಬಿಡಸ್ರಿ. ನಂಬರ್ ಪ್ಲೇಟ್ ಲೈಟ್ ಬಾಗ್ಲಾ ಎತ್ತಿದಾಗ ಹತ್ತಿ, ಹಾಕಿದಾಗ ಆರತಿದ್ರ ಬಿಜಾಗರಿ ಹತ್ರ ರಬ್ಬರ್ ಕೊಳವಿಯೊಳಗ ವೈರ್ ಕಡದೈತಿ. ಅಲ್ಲೇ ಜೋಡಿಸಿ ಟೇಪ್ ಸುತ್ತಿದ್ರ ಮತ್ತ ಅಲ್ಲೇ ಕಡೀತೈತಿ, ಮಡಚೂ ಜಾಗಾ ದಾಟಿ ಆಚೀಗೆ ಹೊಸ ವೈರ್ ಜೋಡಸ್ರಿ.

ಉಳಿದ ಸರ್ವಿಸ್ ನಿಮಗ ಗೊತ್ತಿದ್ದದ್ದ: ಕೂಲಂಟ್, ಫ್ಯಾನ್ ಬೆಲ್ಟ್, ಬ್ರೇಕ್, ಸ್ಟೆಪ್ನಿ ಗಾಳಿ. ಪೆಟ್ರೋಲ್ ಗಾಡಿ ಇದ್ರ ಹಳೇ ರಬ್ಬರ್ ಪೈಪ್ ಎಲ್ಲಾ ತಗದು ಎಥನಾಲ್ ತಡಿಯೂ ಪೈಪ್ ಹಾಕಸ್ರಿ, ಈಗ ಬಂಕಿನ್ಯಾಗ ಬರೂ ಪೆಟ್ರೋಲಿನ್ಯಾಗ ಶೇ 20ರ ತನಕ ಎಥನಾಲ್ ಇರತೈತಿ.

ದಾರಿ: ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿಲೋಮೀಟರ್. ಬೈಪಾಸ್ ಬ್ಯಾಡ, ಲಾರಿ ನಡುವ ಹಳೇ ಗಾಡಿ ಸಾಲು ಹೊಂಟ್ರ ಎಲ್ಲಾರಿಗೂ ತ್ರಾಸ. ಉಣಕಲ್, ನವನಗರ, ರಾಯಾಪುರ, ಸತ್ತೂರು ಮ್ಯಾಲೆ ಹಳೇ ಪಿ.ಬಿ. ರೋಡ್ (ಪುಣೆ-ಬೆಂಗಳೂರು ರಸ್ತೆ) ಹಿಡೀರಿ, ರವಿವಾರ ಎಂಟರ ಒಳಗ ದಾಟ್ರಿ, ಇಲ್ಲಾಂದ್ರ ಸಿಗ್ನಲ್ಲಿನ್ಯಾಗ ನಿಂತು ನಿಂತು ಇಂಜಿನ್ ಕಾಯತೈತಿ. ಚಿಗರಿ ಬಸ್ಸಿನ ಲೇನಿಗೆ ಇಳೀಬ್ಯಾಡ್ರಿ. ಐದೈದು ಗಾಡಿ ಗುಂಪು ಮಾಡಿ ಬಿಡ್ರಿ.

ಮೈದಾನಕ್ಕ ಬಂದ ಮ್ಯಾಲೆ ಬೆನ್ನು ಮಂದಿ ಕಡೆ ಮಾಡಿ ನಿಲ್ಲಸ್ರಿ, ಬಾಗ್ಲಾ ಎತ್ತಿ, ಹಿಂದಿನ ಸೀಟ್ ಮಡಚಿ, ನೆಲಾ ಕಾಣೂಹಂಗ. ಗಾಡಿ ಗಾಡಿ ನಡುವ ಎರಡು ಮೀಟರ್ ಬಿಡ್ರಿ. ಗಿರಮಿಟ್ಟು, ಮಿರ್ಚಿ, ಚಾ ತರಸ್ರಿ, ಆದ್ರ ಸ್ಟೋವ್ ಗಾಡಿ ಸಾಲಿನಿಂದ ದೂರ ಇರಲಿ.

ಹೋಗೂಮುಂದ ಒಂದು ನೋಟ್‌ಬುಕ್ಕಿನ್ಯಾಗ ಪ್ರತಿ ಗಾಡಿ ಶಾಕರಿನ ಉದ್ದ, ನ್ಯೂಟನ್, ಬೀಡಿಂಗಿನ ಅಡ್ಡ ಆಕಾರ ಬರಕೊಳ್ರಿ, ಬೀಡಿಂಗಿನ ಒಂದು ತುಣುಕು ಪೇಪರ್ ಮ್ಯಾಲೆ ಇಟ್ಟು ಸುತ್ತ ಪೆನ್ಸಿಲ್ ಎಳದ್ರ ಸಾಕು. ಅಂಗಡಿಯವರು ಒಬ್ರಿಗಂತ ಒಂದು ಗಾಡಿಯಷ್ಟ ಬೀಡಿಂಗ್ ತರಸಂಗಿಲ್ಲ, ಎಂಟು ಮಂದಿ ಕೂಡಿ ಕೇಳಿದ್ರ ಪೂರ್ತಿ ಸುರುಳಿ ತರಸ್ತಾರ.