ಆರೈಕೆ ಕೇಂದ್ರವನ್ನು ಹಿಮ್ಮಡಿಯಿಂದ ನೋಡಬೇಕು

ವಯಸ್ಸಾದವರನ್ನು ಬಿಡಲು ಆರೈಕೆ ಕೇಂದ್ರ ಹುಡುಕುವ ಮನೆಯವರ ಜೊತೆ ಹೋದಾಗ ನಾನು ಅಲ್ಲಿನ ಲಾಬಿ, ಟಿವಿ ಹಾಲ್, ತುಳಸಿಕಟ್ಟೆಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಕಟ್ಟಡದಲ್ಲಿ ಅತ್ಯಂತ ನಿಸ್ಸಹಾಯಕರು ಯಾರೋ ಅವರ ಮಂಚದ ಹತ್ತಿರ ಹೋಗುತ್ತೇನೆ. ಮಗ್ಗುಲು ಬದಲಿಸಲಾಗದ, ಮಾತಾಡಲಾಗದ ಒಬ್ಬರನ್ನು ಹೇಗೆ ಇಟ್ಟಿದ್ದಾರೆಂದು ಗೊತ್ತಾದರೆ ಉಳಿದ ಬಹುಪಾಲು ತಾನಾಗಿಯೇ ತಿಳಿಯುತ್ತದೆ. ಇಂದು ನಡೆದಾಡುವ ಅಜ್ಜಿಯೂ ಸೊಂಟ ಮುರಿದರೆ ನಾಳೆ ಅದೇ ಮಂಚಕ್ಕೆ ಬರುವವರು.

ಮೊದಲು ನೋಡುವುದು ಹಿಮ್ಮಡಿ. ಸಿಬ್ಬಂದಿಯ ಮೂಲಕ ರೋಗಿಯ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದು, ಹೊದಿಕೆಯನ್ನು ಪಾದದಷ್ಟೇ ಸರಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ತೇಲಿಸಿದ್ದರೆ ಕೆಲಸ ಬಲ್ಲವರಿದ್ದಾರೆಂದು ಅರ್ಥ. ದಿಂಬು ಹಿಮ್ಮಡಿಯ ಕೆಳಗೇ ಇದ್ದರೆ ಅದರಿಂದ ಪ್ರಯೋಜನವಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಒತ್ತಡ ಬಿದ್ದಲ್ಲಿ ಆಗುವ ಹಾಸಿಗೆ ಹುಣ್ಣಿನ ಮೊದಲ ಹಂತದಲ್ಲಿ ಚರ್ಮ ಕೆಂಪಾಗುತ್ತದೆ, ಬೆರಳಿಂದ ಒತ್ತಿ ಬಿಟ್ಟರೂ ಬಣ್ಣ ಮಾಸುವುದಿಲ್ಲ. ನಮ್ಮವರ ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣದೇ ಹೋಗಬಹುದು. ಸುತ್ತಲಿಗಿಂತ ಗಾಢವಾದ ಅಥವಾ ನೇರಳೆ ಛಾಯೆ, ಮುಟ್ಟಿದರೆ ಬಿಸಿ ಅಥವಾ ಗಟ್ಟಿ ಎನಿಸುವುದು ಗುರುತು.

ಈ ಹುಣ್ಣು ತಡೆಯಲೆಂದು ಪಂಪಿನಿಂದ ಗಾಳಿ ಏರಿಳಿಸುವ ಏರ್ ಬೆಡ್ ಇದೆ ಎಂದು ತೋರಿಸಿದರೆ ಪಂಪಿನ ಕಡೆ ಬಗ್ಗಿ ನೋಡಿ. ಎಷ್ಟೋ ಕಡೆ ಅದು ಆಫ್ ಆಗಿರುತ್ತದೆ, ಇಲ್ಲವೇ ತೂಕಕ್ಕೆ ತಕ್ಕಂತೆ ತಿರುಗಿಸಬೇಕಾದ ಗುಂಡಿ ಎಲ್ಲರಿಗೂ ಕೊನೆಯ ಗುರುತಿನಲ್ಲೇ ನಿಂತಿರುತ್ತದೆ. 45 ಕಿಲೋ ತೂಕದವರಿಗೆ ಆ ಹಾಸಿಗೆ ಹಲಗೆಯಷ್ಟು ಗಟ್ಟಿ. ಮೇಲೆ ರಬ್ಬರ್ ಶೀಟು, ಮಡಚಿದ ಬೆಡ್‌ಶೀಟು, ಅದರ ಮೇಲೊಂದು ಪ್ಯಾಡು ಪೇರಿಸಿದರೆ ಗಾಳಿಯ ಏರಿಳಿತ ಮೈಗೆ ತಲುಪುವುದೇ ಇಲ್ಲ. ಕರೆಂಟ್ ಹೋದಾಗ ಪಂಪಿಗೆ ಯುಪಿಎಸ್ ಇದೆಯೇ ಎಂದೂ ಕೇಳಿ. ಏನೇ ಇದ್ದರೂ ಏರ್ ಬೆಡ್ ಮಗ್ಗುಲು ಬದಲಿಸುವುದಕ್ಕೆ ಬದಲಿಯಲ್ಲ.

ಮಗ್ಗುಲು ಬದಲಿಸಿದ ಚಾರ್ಟನ್ನು ಬೆಳಗ್ಗೆ 11ಕ್ಕೆ ಕೇಳುತ್ತೇನೆ. ಮಧ್ಯಾಹ್ನ 2ರ ಸಹಿ ಆಗಲೇ ಬಿದ್ದಿದ್ದರೆ ಮುಂದೆ ಓದಬೇಕಾಗಿಲ್ಲ. 2, 4, 6, 8 ಎಂದು ಒಂದು ನಿಮಿಷವೂ ಆಚೀಚೆ ಇಲ್ಲದೆ, ಶಿಫ್ಟ್ ಬದಲಾದ ಮೇಲೂ ಅದೇ ಪೆನ್ನು, ಅದೇ ಕೈಬರಹ ಇದ್ದರೆ ಒಂದೇ ಸಲ ಕೂತು ತುಂಬಿದ್ದು. ನಿಜವಾದ ಚಾರ್ಟಿನಲ್ಲಿ 2:10, 4:25 ಇರುತ್ತದೆ, ಯಾವ ಮಗ್ಗುಲಿಗೆ ತಿರುಗಿಸಿದರೆಂಬುದೂ ಇರುತ್ತದೆ.

ರಾತ್ರಿ ಸಿಬ್ಬಂದಿ ಎಷ್ಟು ಎಂದರೆ ಎಲ್ಲರೂ ‘ಸಾಕಷ್ಟಿದ್ದಾರೆ’ ಎನ್ನುತ್ತಾರೆ. ನಾನು ಲೆಕ್ಕ ಹಾಕುತ್ತೇನೆ. ಒಬ್ಬರನ್ನು ತಿರುಗಿಸಿ, ಡೈಪರ್ ನೋಡಿ, ಬೇಕಿದ್ದರೆ ಬದಲಿಸಲು ಇಬ್ಬರಿಗೆ ಸುಮಾರು 10 ನಿಮಿಷ ಹಿಡಿಯುತ್ತದೆ. ಹಾಸಿಗೆ ಹಿಡಿದವರು 12 ಮಂದಿಯಿದ್ದರೆ ಒಂದು ಸುತ್ತಿಗೇ ಎರಡು ಗಂಟೆ. ಎರಡು ಗಂಟೆಗೊಮ್ಮೆ ತಿರುಗಿಸುವುದಾದರೆ ಮುಗಿಯುವಷ್ಟರಲ್ಲಿ ಮತ್ತೆ ಮೊದಲಿನಿಂದ. ಇಬ್ಬರೇ ಇದ್ದರೆ ಅವರು ಕಾಲಿಂಗ್ ಬೆಲ್‌ಗೆ ಓಗೊಡಲಾರರು, ಬಾತ್‌ರೂಮಿಗೆ ಎದ್ದವರನ್ನು ಹಿಡಿಯಲಾರರು. ಅದರಲ್ಲೂ ಒಬ್ಬರು ಅಡುಗೆಯವರೋ ವಾಚ್‌ಮ್ಯಾನೋ ಆಗಿದ್ದರೆ, ಆ ಮನೆಯಲ್ಲಿ ರಾತ್ರಿ ಆರೈಕೆ ಇಲ್ಲವೆಂದೇ ತಿಳಿಯುವುದು ಒಳ್ಳೆಯದು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸ್ ರಾತ್ರಿಯೂ ಇರುತ್ತಾರೆಯೇ, ಫೋನಿನಲ್ಲಿ ಮಾತ್ರವೇ ಎಂಬುದನ್ನು ಡ್ಯೂಟಿ ರಿಜಿಸ್ಟರಿನಲ್ಲೇ ನೋಡಬೇಕು. ಒಮ್ಮೆ ಹೇಳಿ ಹೋಗಿ, ಇನ್ನೊಮ್ಮೆ ಸಂಜೆ ಏಳರ ಮೇಲೋ ಭಾನುವಾರ ಮಧ್ಯಾಹ್ನವೋ ಹೇಳದೆ ಹೋಗಿ.

ಊಟದ ಹೊತ್ತು ಇನ್ನೊಂದು ಪರೀಕ್ಷೆ. ಮಲಗಿಸಿಯೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಬೇಕು, ಉಂಡ ಮೇಲೂ ಅರ್ಧ ಗಂಟೆ ಹಾಗೇ ಇರಿಸಬೇಕು. ಮೂಗಿನಿಂದ ಹೊಟ್ಟೆಗೆ ಆಹಾರ ಕೊಡುವ ರೈಲ್ಸ್ ಟ್ಯೂಬ್ ಇರುವವರಿಗೆ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ ಬೇಕು. ಮೂಗಿನ ಬಳಿ ಟ್ಯೂಬಿನ ಮೇಲಿನ ಗುರುತು ಸರಿದಿದೆಯೇ ಎಂದು ನೋಡದೆ ಕೊಡಬಾರದು. ಎಸ್‌ಆರ್ ಎಂದು ಬರೆದ ನಿಧಾನ ಬಿಡುಗಡೆಯ ಮಾತ್ರೆಯನ್ನು ಪುಡಿ ಮಾಡಿ ಟ್ಯೂಬಿಗೆ ಹಾಕುವುದನ್ನು ಕಂಡರೆ, ಅಲ್ಲಿ ಔಷಧಿಯ ಉಸ್ತುವಾರಿ ಯಾರೂ ನೋಡುತ್ತಿಲ್ಲ.

ರಾತ್ರಿಯೂಟ ಎಷ್ಟಕ್ಕೆ? ಅಡುಗೆಯವರನ್ನು ಬೇಗ ಕಳಿಸಲು ಸಂಜೆ ಆರೂವರೆಗೇ ಊಟ ಮುಗಿಸಿ, ಬೆಳಗಿನ ತಿಂಡಿ ಎಂಟೂವರೆಗೆ ಕೊಟ್ಟರೆ ನಡುವೆ 14 ಗಂಟೆ ಬರಿಹೊಟ್ಟೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯ. ನಾನು ರಾತ್ರಿಯ ಆಯಾ ಅವರನ್ನೇ ಕೇಳುವ ಪ್ರಶ್ನೆ: ‘ಶುಗರ್ 60 ಬಂತು, ಎಚ್ಚರ ಇದೆ, ಏನು ಮಾಡ್ತೀರಮ್ಮಾ?’ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟು 15 ನಿಮಿಷಕ್ಕೆ ಮತ್ತೆ ಚೆಕ್ ಮಾಡ್ತೀನಿ ಎಂದರೆ ತರಬೇತಿ ಆಗಿದೆ. ಮೇಡಂಗೆ ಫೋನ್ ಮಾಡ್ತೀನಿ ಎಂಬುದಷ್ಟೇ ಉತ್ತರವಾದರೆ ಆಗಿಲ್ಲ.

ತೂಕದ ದಾಖಲೆಯನ್ನು ಕೇಳುವವರು ಕಡಿಮೆ, ನನಗೆ ಅದೇ ಮುಖ್ಯ. ತಿಂಗಳಲ್ಲಿ ಶೇ 5, ಅಂದರೆ 60 ಕಿಲೋ ಇದ್ದವರು 57ಕ್ಕೆ ಇಳಿದರೆ, ಅಥವಾ ಆರು ತಿಂಗಳಲ್ಲಿ ಶೇ 10 ಇಳಿದರೆ ವೈದ್ಯರು ನೋಡಲೇಬೇಕು. ನಿಲ್ಲಲಾಗದವರಿಗೆ ತೋಳಿನ ಸುತ್ತಳತೆಯನ್ನಾದರೂ ಟೇಪಿನಲ್ಲಿ ಅಳೆದಿಡಬೇಕು.

ಬೆಳಗ್ಗೆ ಹನ್ನೊಂದಕ್ಕೆ ಇಡೀ ವಾರ್ಡು ನಿದ್ದೆಯಲ್ಲಿದ್ದರೆ ಅದು ಶಾಂತಿ ಅಲ್ಲ. ನಿದ್ದೆ ಮಾತ್ರೆ ಎಷ್ಟು ಜನಕ್ಕಿದೆ, ಯಾವ ವೈದ್ಯರು ಯಾವಾಗ ಬರೆದದ್ದು ಎಂದು ಕೇಳಿ. ‘ಕೈ ಕಟ್ಟುತ್ತೀರಾ?’ ಎಂದೂ ನೇರವಾಗಿ ಕೇಳುತ್ತೇನೆ. ಟ್ಯೂಬ್ ಕಿತ್ತುಕೊಳ್ಳುತ್ತಾರೆ ಎಂಬ ಕಾರಣ ಬರುತ್ತದೆ. ವೈದ್ಯರ ಬರಹ, ಮನೆಯವರ ಸಹಿ, ಎಷ್ಟು ಹೊತ್ತಿಗೆ ಬಿಚ್ಚುತ್ತಾರೆ ಎಂಬ ದಾಖಲೆ ಇಲ್ಲದೆ ಹೋದರೆ ನಾನು ಆ ಜಾಗವನ್ನು ಬೇಡ ಎನ್ನುತ್ತೇನೆ.

ಬೆಂಗಳೂರಿನ ಬಡಾವಣೆಗಳಲ್ಲಿ ಇಂಥ ಎಷ್ಟೋ ಕೇಂದ್ರಗಳು ಬಾಡಿಗೆ ಮನೆಗಳು. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುವುದಿಲ್ಲ, ಕಿಟಕಿಗೆಲ್ಲ ಗ್ರಿಲ್ಲು, ರಾತ್ರಿ ಗೇಟಿಗೆ ಬೀಗ. ಬೆಂಕಿ ಬಿದ್ದರೆ ಎರಡನೇ ಮಹಡಿಯವರನ್ನು ಯಾರು, ಯಾವ ದಾರಿಯಲ್ಲಿ ಇಳಿಸುತ್ತಾರೆ, ಬೀಗದ ಕೈ ಯಾರ ಬಳಿ? ಎದ್ದು ಓಡಾಡಲಾಗದವರಿಗೆ ನೆಲಮಹಡಿಯೇ ಸರಿ. ಆಕ್ಸಿಜನ್ ಸಿಲಿಂಡರನ್ನು ತೆರೆದು ತೋರಿಸಲು ಹೇಳಿ. ಎಷ್ಟೋ ಸಲ ಸಿಲಿಂಡರ್ ಇಲ್ಲಿ, ತೆರೆಯುವ ಕೀ ಇನ್ನೆಲ್ಲೋ. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ 5 ಲೀಟರಿನಂತೆ ಐದು ಗಂಟೆಗೆ ಸಾಕು. ಬಾತ್‌ರೂಮಿನ ಹಿಡಿಕೆಗೆ ನಿಮ್ಮ ಪೂರ್ತಿ ಭಾರ ಹಾಕಿ ಎಳೆಯಿರಿ. ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ ಬಿಡುವ ರೂಢಿ ಇದೆಯೇ ನೋಡಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ.

ಕಾಗದಪತ್ರ: ಚಿಕಿತ್ಸೆಯನ್ನೂ ಕೊಡುವ ಕೇಂದ್ರವಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಕೇಳಿ, ಅದರಲ್ಲಿನ ವಿಳಾಸ ಈ ಕಟ್ಟಡದ್ದೇ ಎಂದು ನೋಡಿ. ಕರಾರಿನಲ್ಲಿ ಮೂರು ವಿಷಯಗಳನ್ನು ಬರೆಸಿಕೊಳ್ಳಿ: ಆಸ್ಪತ್ರೆಗೆ ಸೇರಿಸಿದ ದಿನಗಳ ಬಾಡಿಗೆ, ನಡುವೆ ಬಿಟ್ಟರೆ ಅಥವಾ ತೀರಿಕೊಂಡರೆ ಡಿಪಾಸಿಟ್ ವಾಪಸಾತಿ, ಡೈಪರ್ ಮತ್ತು ಡ್ರೆಸ್ಸಿಂಗ್ ಖರ್ಚು ಯಾರದ್ದು.

ಸೇರಿಸುವ ದಿನವೇ ಬೆನ್ನಿನ ಕೆಳಭಾಗ, ಸೊಂಟದ ಎರಡೂ ಬದಿ, ಹಿಮ್ಮಡಿಗಳ ಫೋಟೋವನ್ನು ನರ್ಸ್ ಎದುರಿಗೇ ದಿನಾಂಕ ಸಮೇತ ತೆಗೆದು, ತೂಕ ಬರೆಸಿ ಇಬ್ಬರೂ ಸಹಿ ಮಾಡಿ. ‘ಬರುವಾಗಲೇ ಹುಣ್ಣಿತ್ತು’, ‘ಇಲ್ಲಿ ಬಂದ ಮೇಲೆ ಆಯಿತು’ ಎಂಬ ವಾದ ಆಮೇಲೆ ಬರುವುದಿಲ್ಲ. ಮಕ್ಕಳು ಅಮೆರಿಕದಲ್ಲೋ ದುಬೈನಲ್ಲೋ ಇದ್ದರೆ ವಿಡಿಯೋ ಕಾಲ್‌ಗೆ ನಿಗದಿತ ಸಮಯ ಒಪ್ಪಬೇಡಿ. ಮುಖ ನೋಡಿದ ಮೇಲೆ ಹೊದಿಕೆ ಸರಿಸಿ ಪಾದ ತೋರಿಸಲು ಹೇಳಿ, ತಿಂಗಳಿಗೊಮ್ಮೆ ತೂಕದ ಹಾಳೆ, ಔಷಧಿ ಚಾರ್ಟಿನ ಫೋಟೋ ತರಿಸಿಕೊಳ್ಳಿ. ಕೇಳಿದರೂ ಸರಿಯಾಗದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.