ಕಳೆ ಔಷಧಿ ಹೊಡೆದ ನೆಲಕ್ಕೆ ಸೌತೆ ಬೀಜ ಹಾಕುವ ಮೊದಲು

ಔಷಧಿ ಹೊಡೆದು ಎಷ್ಟು ದಿನದ ಮೇಲೆ ತರಕಾರಿ ಹಾಕಬಹುದು ಅಂತ ಮಳೆಗಾಲ ಬಂತೆಂದರೆ ಯಾರಾದರೂ ಕೇಳುತ್ತಾರೆ. ಒಂದೇ ಲೆಕ್ಕ ಎಲ್ಲ ಮಣ್ಣಿಗೂ ಆಗುವುದಿಲ್ಲ ಮಾರಾಯ್ರೆ.

ಶಿಕಾರಿಪುರದ ಕಡೆ ನಮ್ಮ ನೆಂಟರ ಹೊಲದಲ್ಲಿ ಮೆಕ್ಕೆಜೋಳಕ್ಕೆ ಅಟ್ರಾಜಿನ್ ಅನ್ನುವ ಕಳೆ ಔಷಧಿ ಹೊಡೆದಿದ್ದರು. ಜೋಳ ಮುರಿದ ಮೇಲೆ ಅಲ್ಲೇ ಸೌತೆ, ಬೀನ್ಸ್ ಹಾಕಿದೆವು. ಚೆನ್ನಾಗೇ ಹುಟ್ಟಿತು, ಆಮೇಲೆ ಎಲೆಯ ಅಂಚು ಹಳದಿಯಾಗಿ, ಸುಟ್ಟ ಹಾಗಾಗಿ, ಇಡೀ ಸಾಲು ಹೋಯಿತು. ಅಟ್ರಾಜಿನ್ ಮೊಳಕೆಯನ್ನು ತಡೆಯುವುದಿಲ್ಲ, ಎಲೆ ಬಿಸಿಲಲ್ಲಿ ಆಹಾರ ಮಾಡಿಕೊಳ್ಳುವುದನ್ನು ತಡೆಯುತ್ತದೆ.

ಬೈಲುಗದ್ದೆಯ ಜಿಗುಟು ಮಣ್ಣು, ದರಗು ಗೊಬ್ಬರ ಬಿದ್ದು ಕಪ್ಪಾದ ತೋಟದ ಮಣ್ಣು ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರಳು ಮಣ್ಣು ಹಿಡಿಯುವುದಿಲ್ಲ, ಮಳೆ ನೀರಿನ ಜೊತೆ ಬಾವಿಗೆ ಇಳಿಯಬಹುದು, ಬಾವಿ ಪಕ್ಕ ಅಟ್ರಾಜಿನ್ ಬೇಡವೇ ಬೇಡ. ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ, ಅದು ಗ್ಲೈಫೋಸೇಟ್ ಅನ್ನುವ ಇನ್ನೊಂದು ಕಳೆ ಔಷಧಿಯನ್ನು ಗಟ್ಟಿಯಾಗಿ ಕಟ್ಟಿಹಾಕುತ್ತದೆ. ಹುಳಿ ಮಣ್ಣಲ್ಲಿ ಅಟ್ರಾಜಿನ್ ಬೇಗ ಒಡೆಯುತ್ತದೆ, ಸುಣ್ಣ ಹಾಕಿ ಹುಳಿ ಇಳಿಸಿದರೆ ಜಾಸ್ತಿ ದಿನ ಉಳಿಯುತ್ತದೆ. ಸುಣ್ಣ ಹಾಕುವ ಮನೆಯವರು ಇದನ್ನು ನೆನಪಿಡಿ.

ಇನ್ನು ಡಬ್ಬಿ ಓದಿ. ಪೆಂಡಿಮೆಥಾಲಿನ್ ಅನ್ನುವ ಕಳೆ ಔಷಧಿಯಲ್ಲಿ 30 ಇ.ಸಿ. ಅಂತ ಒಂದು ಬರುತ್ತದೆ, 38.7 ಸಿ.ಎಸ್. ಅಂತ ಇನ್ನೊಂದು. ಅಂಕೆ ಅಂದರೆ ಔಷಧಿ ಶೇಕಡಾ ಎಷ್ಟಿದೆ ಅಂತ. ಇ.ಸಿ. ಅಂದರೆ ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆರೆಯುವ ಎಣ್ಣೆಯಂಥ ದ್ರವ. ಸಿ.ಎಸ್. ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಯ ಒಳಗೆ ಔಷಧಿ ಇರುತ್ತದೆ, ಬಿಸಿಲಿಗೆ ಹಾಳಾಗದೆ, ಆವಿಯಾಗದೆ ನಿಧಾನವಾಗಿ ಹೊರಗೆ ಬರುತ್ತದೆ. ಕಳೆಗೆ ಒಳ್ಳೆಯದೇ, ಆದರೆ ಮುಂದಿನ ಬೆಳೆ ಅಷ್ಟು ಜಾಸ್ತಿ ದಿನ ಕಾಯಬೇಕು ಅಲ್ವಾ.

ನಾನು ಈಗ ಎರಡು ಕುಂಡ ಇಡುತ್ತೇನೆ. ಒಂದಕ್ಕೆ ಔಷಧಿ ಬಿದ್ದ ಜಾಗದ ಮೇಲ್ಮಣ್ಣು, ನಾಲ್ಕೈದು ಕಡೆಯಿಂದ ತೆಗೆದು ಕಲಸಿದ್ದು. ಇನ್ನೊಂದಕ್ಕೆ ಅದೇ ಜಾತಿಯ, ಔಷಧಿ ಮುಟ್ಟದ ಮಣ್ಣು. ಎರಡಕ್ಕೂ ಹತ್ತು ಹತ್ತು ಸೌತೆ ಬೀಜ. ಬಿಸಿಲು ಬೀಳುವ ಜಗಲಿ ಅಂಚಿನಲ್ಲಿ ಮೂರು ವಾರ ಇಟ್ಟು ಎಲೆ ನೋಡಿ. ಒಂದೆರಡು ಗಿಡ ಕಿತ್ತು ಬೇರೂ ನೋಡಿ, ಪೆಂಡಿಮೆಥಾಲಿನ್ ಉಳಿದಿದ್ದರೆ ಬೇರು ಮೊಂಡಾಗಿ ತುದಿ ಊದಿರುತ್ತದೆ.

ವ್ಯತ್ಯಾಸ ಕಂಡರೆ ಆ ಜಾಗಕ್ಕೆ ಕೊಟ್ಟಿಗೆ ಗೊಬ್ಬರ ಸೇರಿಸಿ, ತೇವ ಆರದ ಹಾಗೆ ನೋಡಿಕೊಳ್ಳಿ. ಔಷಧಿ ತಿಂದು ಕರಗಿಸುವ ಜೀವಾಣುಗಳಿಗೆ ಬೆಚ್ಚಗೆ, ಹಸಿಯಾಗಿ ಇರಬೇಕು, ಒಣ ಬೇಸಿಗೆಯ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ತಿಂಗಳು ಬಿಟ್ಟು ಮತ್ತೆ ಕುಂಡ ಇಡಿ. ಅಲ್ಲಿಯವರೆಗೆ ಬೂದಿ ಹಚ್ಚಿ ಗೋಡೆಗೆ ಅಂಟಿಸಿದ ಸೌತೆ ಬೀಜ ಅಲ್ಲೇ ಇರಲಿ.